ಹಿಟ್ಟೋ, ನುಚ್ಚೋ, ಗುಳಿಗೆಯೋ? ಮಾಂಸದ ಕೋಳಿಗೆ ಆಹಾರದ ರೂಪವೂ ಮುಖ್ಯ



ಬೆಳಿಗ್ಗೆ, ಸಂಜೆ ಡೇರಿಗೆ ಹಾಲು ಹಾಕುವ ಅನೇಕ ಮನೆಗಳಲ್ಲಿ ಇಂದು ಕೊಟ್ಟಿಗೆಯ ಪಕ್ಕದಲ್ಲೊಂದು ಕೋಳಿ ಶೆಡ್ಡೂ ಇದೆ. ಕೆಲವರು ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡು ಸಾವಿರಾರು ಬ್ರಾಯ್ಲರ್ ಮರಿ ಬಿಟ್ಟಿರುತ್ತಾರೆ. ಕೆಲವರು ಹಬ್ಬ, ಜಾತ್ರೆ ನೋಡಿಕೊಂಡು ನೂರೋ ಇನ್ನೂರೋ ಮರಿ ತಂದು ಸ್ವಂತವಾಗಿ ಸಾಕುತ್ತಾರೆ. ಹಾಲಿನ ಬಟವಾಡೆ ದಿನಸಿಗೆ, ಪಶು ಆಹಾರಕ್ಕೆ ಹೋದರೆ, ಕೋಳಿಯ ದುಡ್ಡು ಮಕ್ಕಳ ಶಾಲೆಗೋ ಸ್ವಸಹಾಯ ಸಂಘದ ಸಾಲದ ಕಂತಿಗೋ ಆಗುತ್ತದೆ. ಹಾಗಾಗಿ ಈ ಉಪಕಸುಬಿನ ಲಾಭ ನಷ್ಟ ನೇರವಾಗಿ ಮನೆಯೊಡತಿಯ ಕೈಗೇ ತಟ್ಟುತ್ತದೆ.

ಬ್ರಾಯ್ಲರ್ ಸಾಕಣೆಯಲ್ಲಿ ನೂರು ರೂಪಾಯಿ ಖರ್ಚಾದರೆ ಅದರಲ್ಲಿ 60ರಿಂದ 70 ರೂಪಾಯಿ ಆಹಾರಕ್ಕೇ ಹೋಗುತ್ತದೆ. ಆಹಾರ ಕೊಳ್ಳುವಾಗ ನಾವು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತೇವೆ: ದರ ಎಷ್ಟು, ಪ್ರೋಟೀನ್ ಎಷ್ಟು? ಮೂರನೆಯ ಪ್ರಶ್ನೆಯೊಂದಿದೆ, ಅದನ್ನು ಕೇಳುವವರು ಕಡಿಮೆ. ಅದು ಯಾವ ರೂಪದಲ್ಲಿದೆ? ಅದೇ ಮೆಕ್ಕೆಜೋಳ, ಅದೇ ಸೋಯಾ ಹಿಂಡಿ, ಅದೇ ಖನಿಜ ಮಿಶ್ರಣವನ್ನು ಒಂದು ತಂಡದ ಮರಿಗಳಿಗೆ ಹಿಟ್ಟಾಗಿಯೂ ಇನ್ನೊಂದು ತಂಡಕ್ಕೆ ಗುಳಿಗೆಯಾಗಿಯೂ ಕೊಟ್ಟರೆ, ಮಾರುವ ಹೊತ್ತಿಗೆ ಎರಡರ ತೂಕ ಒಂದೇ ಇರುವುದಿಲ್ಲ. ಗುಳಿಗೆ ತಿಂದ ಕೋಳಿ ಸಾಮಾನ್ಯವಾಗಿ ಹೆಚ್ಚು ತೂಗುತ್ತದೆ. ಅದು ಏಕೆ, ಆ ಲಾಭ ಯಾವಾಗ ಸಿಗುತ್ತದೆ, ಯಾವಾಗ ಕೈತಪ್ಪುತ್ತದೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಪದಾರ್ಥ ಒಂದೇ, ರೂಪ ಮೂರು

ಹಿಟ್ಟಿನ ರೂಪ: ಇದನ್ನು ಮ್ಯಾಶ್ ಎನ್ನುತ್ತಾರೆ. ಮೆಕ್ಕೆಜೋಳ, ಸೋಯಾ ಮುಂತಾದವನ್ನು ಒಡೆದು, ಪುಡಿ ಮಾಡಿ, ಖನಿಜ ಮತ್ತು ವಿಟಮಿನ್ ಸೇರಿಸಿ ಬೆರೆಸಿದರೆ ಆಯಿತು. ಯಂತ್ರದ ಖರ್ಚು ಕಡಿಮೆ, ಆದ್ದರಿಂದ ದರವೂ ಕಡಿಮೆ. ಮನೆಯಲ್ಲೇ ಆಹಾರ ತಯಾರಿಸುವವರು ಮಾಡುವುದೂ ಇದನ್ನೇ.

ಗುಳಿಗೆ ರೂಪ: ಇದು ಪೆಲೆಟ್. ಡೇರಿಯಿಂದ ತರುವ ಪಶು ಆಹಾರದ ಗುಳಿಗೆ ನಿಮಗೆ ಗೊತ್ತೇ ಇದೆ. ಕೋಳಿಯದು ಅದಕ್ಕಿಂತ ಸಣ್ಣದು, ಸಾಮಾನ್ಯವಾಗಿ 3ರಿಂದ 4 ಮಿಲಿಮೀಟರ್ ದಪ್ಪ. ಬೆರೆಸಿದ ಹಿಟ್ಟಿಗೆ ಹಬೆ ಹಾಯಿಸಿ, ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿ, ತೂತುಗಳಿರುವ ದಪ್ಪ ಉಕ್ಕಿನ ಅಚ್ಚಿನ ಮೂಲಕ ಒತ್ತುತ್ತಾರೆ. ಚಕ್ಕುಲಿ ಒರಳಿನಲ್ಲಿ ಹಿಟ್ಟು ಒತ್ತಿದ ಹಾಗೆ. ಹೊರಬಂದ ಎಳೆಯನ್ನು ಕತ್ತರಿಸಿ, ತಣಿಸಿ, ಒಣಗಿಸಿ ಚೀಲಕ್ಕೆ ತುಂಬುತ್ತಾರೆ.

ನುಚ್ಚಿನ ರೂಪ: ಇದು ಕ್ರಂಬಲ್. ಗುಳಿಗೆಯನ್ನೇ ರೋಲರ್‌ಗಳ ನಡುವೆ ಹಾಯಿಸಿ ಒಡೆದರೆ ನುಚ್ಚು. ಎಳೆ ಮರಿಯ ಬಾಯಿಗೆ ಇಡೀ ಗುಳಿಗೆ ದೊಡ್ಡದಾಗುವುದರಿಂದ ಮೊದಲ ದಿನಗಳಿಗೆ ಇದನ್ನು ಕೊಡುತ್ತಾರೆ.

ಹಿಟ್ಟನ್ನು ಗುಳಿಗೆ ಮಾಡಿದ ಮಾತ್ರಕ್ಕೆ ಅದರಲ್ಲಿ ಪ್ರೋಟೀನ್ ಹೆಚ್ಚುವುದಿಲ್ಲ. ‘ಗುಳಿಗೆಯಲ್ಲಿ ಹಾರ್ಮೋನ್ ಹಾಕಿರುತ್ತಾರೆ, ಅದಕ್ಕೇ ಕೋಳಿ ಊದಿಕೊಳ್ಳುತ್ತದೆ’ ಎಂಬ ಮಾತೂ ಕೇಳಿಬರುತ್ತದೆ. ಅದಕ್ಕೆ ಆಧಾರವಿಲ್ಲ. ಬೆಳವಣಿಗೆಯ ಹಾರ್ಮೋನ್ ಪ್ರೋಟೀನ್ ಜಾತಿಯದು. ಆಹಾರದಲ್ಲಿ ಸೇರಿಸಿದರೂ ಅದು ಬೇರೆ ಪ್ರೋಟೀನಿನಂತೆ ಹೊಟ್ಟೆಯಲ್ಲೇ ಜೀರ್ಣವಾಗಿ ಹೋಗುತ್ತದೆ. ಬ್ರಾಯ್ಲರ್ ಬೇಗ ಬೆಳೆಯುವುದು ಮುಖ್ಯವಾಗಿ ತಳಿಯ ಗುಣದಿಂದ. ಆ ಗುಣ ಪೂರ್ತಿ ಹೊರಬರಲು ಆಹಾರ ಸಹಾಯ ಮಾಡುತ್ತದೆ, ಅಷ್ಟೇ.

ಹಾಗಾದರೆ ವ್ಯತ್ಯಾಸ ಎಲ್ಲಿಂದ ಬರುತ್ತದೆ?

ಉತ್ತರ ಕೋಳಿಯ ಕೊಕ್ಕಿನಲ್ಲಿದೆ. ಹಸು ನಾಲಿಗೆಯಿಂದ ಮೇವು ಸೆಳೆದು ನುಂಗಿ, ಆಮೇಲೆ ನೆರಳಲ್ಲಿ ಮಲಗಿ ಮೆಲುಕು ಹಾಕುತ್ತದೆ. ಕೋಳಿಗೆ ಹಲ್ಲೂ ಇಲ್ಲ, ಮೆಲುಕೂ ಇಲ್ಲ. ಒಂದೊಂದೇ ಕಾಳನ್ನು ಕಣ್ಣಿನಿಂದ ನೋಡಿ, ಕೊಕ್ಕಿನಿಂದ ಹೆಕ್ಕಿ ನುಂಗಬೇಕು. ಹಿಟ್ಟನ್ನು ಕೊಕ್ಕಿನಲ್ಲಿ ಹೆಕ್ಕುವುದು ಎಷ್ಟು ಕಷ್ಟ ಯೋಚಿಸಿ. ಒಂದು ಕುಕ್ಕಿಗೆ ಸಿಗುವುದು ಚಿಟಿಕೆಯಷ್ಟು. ಗುಳಿಗೆಯಾದರೆ ಒಂದೇ ಕುಕ್ಕಿಗೆ ಬಾಯಿ ತುಂಬುತ್ತದೆ.

ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ವಿಜ್ಞಾನಿ ಜೆನ್ಸನ್ ಮತ್ತು ಅವರ ಸಂಗಡಿಗರು 1962ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 21ರಿಂದ 28 ದಿನದ ಕೋಳಿಮರಿಗಳನ್ನು ದಿನಕ್ಕೆ 12 ಗಂಟೆ ಗಮನಿಸಿದರು. ಹಿಟ್ಟು ತಿನ್ನುವ ಮರಿಗಳು ಆ 12 ಗಂಟೆಯಲ್ಲಿ 103 ನಿಮಿಷ ತಿನ್ನುವುದಕ್ಕೇ ಕಳೆದವು. ಅದೇ ಆಹಾರವನ್ನು ಗುಳಿಗೆಯಾಗಿ ಪಡೆದ ಮರಿಗಳಿಗೆ 34 ನಿಮಿಷ ಸಾಕಾಯಿತು. ಅಂದರೆ ಮೂರನೆಯ ಒಂದು ಭಾಗದಷ್ಟು ಸಮಯ.

ತಿಂದು ಮುಗಿಸಿದ ಕೋಳಿ ಮಲಗುತ್ತದೆ. ನಿಂತು, ಕುಕ್ಕಿ, ತಳ್ಳಾಡಿ ಖರ್ಚಾಗಬೇಕಿದ್ದ ಶಕ್ತಿ ಮೈಗೆ ಹತ್ತುತ್ತದೆ. ಅಮೆರಿಕದ ಸಂಶೋಧಕರಾದ ಮೆಕಿನ್ನಿ ಮತ್ತು ಟೀಟರ್ 2004ರಲ್ಲಿ ಈ ಉಳಿತಾಯಕ್ಕೂ ಒಂದು ಲೆಕ್ಕ ಕೊಟ್ಟರು. ಸ್ವಲ್ಪವೂ ಪುಡಿಯಿಲ್ಲದ ಗಟ್ಟಿ ಗುಳಿಗೆಯಿಂದ ಬ್ರಾಯ್ಲರ್ ಕೋಳಿಗೆ ಪ್ರತಿ ಕಿಲೋ ಆಹಾರಕ್ಕೆ 187 ಕಿಲೋ ಕ್ಯಾಲೊರಿಯಷ್ಟು ಹೆಚ್ಚುವರಿ ಶಕ್ತಿ ಕೊಟ್ಟಂತಾಗುತ್ತದೆ ಎಂಬುದು ಅವರ ಅಂದಾಜು. ಬ್ರಾಯ್ಲರ್ ಆಹಾರದ ಒಂದು ಕಿಲೋದಲ್ಲಿ ಸಾಮಾನ್ಯವಾಗಿ 3000ದಿಂದ 3200 ಕಿಲೋ ಕ್ಯಾಲೊರಿ ಇರುತ್ತದೆ. ಅದಕ್ಕೆ ಹೋಲಿಸಿದರೆ ಇದು ನೂರಕ್ಕೆ ಸುಮಾರು ಆರರಷ್ಟು. ಗುಳಿಗೆ ಪುಡಿಯಾದಂತೆಲ್ಲ ಈ ಲಾಭ ಕರಗುತ್ತದೆ ಎಂದೂ ಅದೇ ಅಧ್ಯಯನ ತೋರಿಸಿತು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಶಕ್ತಿಯ ಉಳಿತಾಯದ ಜೊತೆಗೆ ಇನ್ನೂ ಮೂರು ಕಾರಣಗಳಿವೆ.

ಮೊದಲನೆಯದು, ತಿನ್ನುವ ಪ್ರಮಾಣ. ಸುಲಭವಾಗಿ ಸಿಕ್ಕರೆ ಕೋಳಿ ಹೆಚ್ಚು ತಿನ್ನುತ್ತದೆ. ಬ್ರಾಯ್ಲರ್‌ನ ಬೆಳವಣಿಗೆ ಅದು ತಿಂದ ಆಹಾರಕ್ಕೆ ತಕ್ಕಂತೆ. ಗುಳಿಗೆಯಿಂದ ತೂಕ ಹೆಚ್ಚಲು ಇದು ಬಹು ದೊಡ್ಡ ಕಾರಣ.

ಎರಡನೆಯದು, ಆರಿಸಿ ತಿನ್ನುವ ಚಾಳಿ. ಕತ್ತರಿಸದ ಮೇವು ಹಾಕಿದರೆ ಹಸು ಎಲೆ ತಿಂದು ದಂಟು ಬಿಡುವುದಿಲ್ಲವೇ? ಕೋಳಿಯೂ ಹಾಗೆಯೇ. ಹಿಟ್ಟಿನಲ್ಲಿ ಮೆಕ್ಕೆಜೋಳದ ದಪ್ಪ ಚೂರುಗಳನ್ನು ಹುಡುಕಿ ತಿಂದು, ಖನಿಜ, ವಿಟಮಿನ್ ಇರುವ ನುಣ್ಣನೆಯ ಪುಡಿಯನ್ನು ಫೀಡರ್ ತಳದಲ್ಲಿ ಬಿಡುತ್ತದೆ. ಜೋರಾದ ಕೋಳಿಗೆ ಜೋಳ, ಸೊರಗಿದ ಕೋಳಿಗೆ ಪುಡಿ. ಬ್ಯಾಚಿನಲ್ಲಿ ಕೆಲವು ದಪ್ಪ, ಕೆಲವು ಸಣ್ಣ ಆಗುವುದಕ್ಕೆ ಇದೂ ಒಂದು ಕಾರಣ. ಗುಳಿಗೆಯಲ್ಲಿ ಆರಿಸಲು ಆಗುವುದಿಲ್ಲ. ಪ್ರತಿ ತುತ್ತಿನಲ್ಲೂ ಎಲ್ಲವೂ ಇರುತ್ತದೆ.

ಮೂರನೆಯದು, ಪೋಲು. ಹಿಟ್ಟು ಗಾಳಿಗೆ ಹಾರುತ್ತದೆ, ಕೊಕ್ಕಿಗೆ ಮೆತ್ತಿಕೊಳ್ಳುತ್ತದೆ, ಅಲ್ಲಿಂದ ಡ್ರಿಂಕರ್ ನೀರಿಗೆ ಇಳಿದು ಹುಳಿಯಾಗುತ್ತದೆ. ನೆಲದ ಹೊಟ್ಟಿನಲ್ಲಿ ಬಿದ್ದ ಹಿಟ್ಟು ಮತ್ತೆ ಸಿಗುವುದಿಲ್ಲ. ಬಿದ್ದ ಗುಳಿಗೆಯನ್ನಾದರೂ ಕೋಳಿ ಹೆಕ್ಕಿಕೊಳ್ಳುತ್ತದೆ.

ಇದರ ಮೇಲೆ, ಹಬೆಯ ಬಿಸಿಗೆ ಆಹಾರದಲ್ಲಿರುವ ಸಾಲ್ಮೊನೆಲ್ಲಾದಂಥ ರೋಗಾಣುಗಳೂ ಬಹುಮಟ್ಟಿಗೆ ಕಡಿಮೆಯಾಗುತ್ತವೆ. ಆದರೆ ಬೂಷ್ಟು ಹಿಡಿದ ಜೋಳದ ವಿಷ, ಅಂದರೆ ಅಫ್ಲಾಟಾಕ್ಸಿನ್, ಆ ಬಿಸಿಗೆ ನಾಶವಾಗುವುದಿಲ್ಲ. ಕೆಟ್ಟ ಜೋಳವನ್ನು ಗುಳಿಗೆ ಮಾಡಿದರೂ ಅದು ಕೆಟ್ಟದ್ದೇ.

ಗುಳಿಗೆಯ ದರ ಕೊಟ್ಟು ಹಿಟ್ಟು ತರಬೇಡಿ

ಚೀಲದ ಮೇಲೆ ‘ಪೆಲೆಟ್’ ಎಂದು ಬರೆದಿರುತ್ತದೆ. ಬಿಚ್ಚಿದರೆ ಮೇಲೆ ಗುಳಿಗೆ, ಕೆಳಗೆ ಪುಡಿ. ಗುಳಿಗೆ ಸರಿಯಾಗಿ ಒತ್ತಿರದಿದ್ದರೆ, ಲಾರಿಯಲ್ಲಿ ಕುಲುಕಿದರೆ, ಚೀಲವನ್ನು ಎತ್ತಿ ಎಸೆದರೆ, ಮೇಲೆ ಹತ್ತಿ ತುಳಿದರೆ ಅದು ಒಡೆಯುತ್ತದೆ. ಪುಡಿ ಹೆಚ್ಚಾದರೆ ಕೋಳಿ ಮತ್ತೆ ಹಿಟ್ಟು ಹೆಕ್ಕುವ ಕಷ್ಟಕ್ಕೇ ಬೀಳುತ್ತದೆ. ನೀವು ಕೊಟ್ಟದ್ದು ಗುಳಿಗೆಯ ದರ, ಕೋಳಿ ತಿಂದದ್ದು ಹಿಟ್ಟು.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಹೊಸ ಚೀಲದ ಮೇಲಿನಿಂದ, ನಡುವಿನಿಂದ, ತಳದಿಂದ ಸ್ವಲ್ಪ ಸ್ವಲ್ಪ ತೆಗೆದು ಒಟ್ಟು ಒಂದು ಕಿಲೋ ತೂಗಿ. ಹಿಟ್ಟು ಸೋಸುವ ನುಣ್ಣನೆಯ ಜರಡಿ ಬೇಡ, ಕಾಳಿನಿಂದ ನುಚ್ಚು ಬೇರ್ಪಡಿಸುವ ಸ್ವಲ್ಪ ದಪ್ಪ ಕಣ್ಣಿನ ಜರಡಿ ತೆಗೆದುಕೊಳ್ಳಿ. ಕೈಯಿಂದ ಉಜ್ಜದೆ, ಮೆಲ್ಲಗೆ ಆಡಿಸಿ. ಕೆಳಗೆ ಬಿದ್ದ ಪುಡಿಯನ್ನು ತೂಗಿ. ನೂರು ಗ್ರಾಮಿನ ಒಳಗಿದ್ದರೆ ಗುಳಿಗೆ ಚೆನ್ನಾಗಿದೆ ಎನ್ನಬಹುದು. ಅದಕ್ಕಿಂತ ಹೆಚ್ಚಿದ್ದರೆ ಮಾರಿದವರನ್ನು ಕೇಳಿ. ಮುನ್ನೂರು, ನಾನೂರು ಗ್ರಾಂ ಬಂದರೆ ಆ ಚೀಲಕ್ಕೆ ಗುಳಿಗೆಯ ದರ ಕೊಡುವುದರಲ್ಲಿ ಅರ್ಥವಿಲ್ಲ.

ಇದೇ ಪರೀಕ್ಷೆಯನ್ನು ಫೀಡರ್‌ನಲ್ಲಿರುವ ಆಹಾರಕ್ಕೂ ಮಾಡಿ. ಚೀಲದಲ್ಲಿ ಪುಡಿ ಕಡಿಮೆ, ಫೀಡರ್‌ನಲ್ಲಿ ಹೆಚ್ಚು ಇದ್ದರೆ ತಪ್ಪು ಕಾರ್ಖಾನೆಯದಲ್ಲ, ಶೆಡ್ಡಿನ ನಿರ್ವಹಣೆಯದು. ಹಳೆಯ ಪುಡಿಯ ಮೇಲೆ ಹೊಸ ಗುಳಿಗೆ ಸುರಿಯುತ್ತಾ ಹೋದರೆ ತಳದಲ್ಲಿ ಪುಡಿ ಗಟ್ಟಿಯಾಗಿ ಕೂರುತ್ತದೆ. ದಿನಕ್ಕೊಮ್ಮೆ, ತಂಪು ಹೊತ್ತಿನಲ್ಲಿ, ಫೀಡರ್ ಬಹುತೇಕ ಖಾಲಿಯಾದ ಮೇಲೇ ಮತ್ತೆ ತುಂಬಿ. ಆಗ ಪುಡಿಯೂ ಖರ್ಚಾಗುತ್ತದೆ. ಫೀಡರ್ ಅನ್ನು ಮೂರನೆಯ ಒಂದು ಭಾಗದಷ್ಟೇ ತುಂಬಿ, ಅದರ ಅಂಚು ಕೋಳಿಯ ಬೆನ್ನಿನ ಎತ್ತರಕ್ಕೆ ಬರುವಂತೆ ಹಗ್ಗ ಎಳೆದು ಕಟ್ಟಿ. ಮರಿ ಬೆಳೆದಂತೆ ಎತ್ತರವೂ ಏರಬೇಕು. ಇಷ್ಟರಿಂದಲೇ ಪೋಲು ಸಾಕಷ್ಟು ತಗ್ಗುತ್ತದೆ.

ಕಂಪನಿಯ ಒಪ್ಪಂದದಲ್ಲಿ ಸಾಕುವ ಅಕ್ಕಂದಿರು ‘ಆಹಾರ ಅವರೇ ಕಳಿಸುತ್ತಾರೆ, ರೂಪ ಯಾವುದಾದರೆ ನಮಗೇನು?’ ಎನ್ನಬಹುದು. ನಿಮಗೆ ಕೊಡುವ ಸಾಕಾಣಿಕೆ ಶುಲ್ಕ ಸಾಮಾನ್ಯವಾಗಿ ಎಫ್‌ಸಿಆರ್ ನೋಡಿ ಏರಿಳಿಯುತ್ತದೆ. ಪುಡಿಯಾದ ಆಹಾರ ಬಂದರೆ ಎಫ್‌ಸಿಆರ್ ಕೆಡುವುದು ನಿಮ್ಮ ಹೆಸರಿನಲ್ಲಿ. ಆದ್ದರಿಂದ ಲೋಡ್ ಬಂದ ದಿನವೇ ಜರಡಿ ಹಿಡಿಯಿರಿ. ತೂಕ, ದಿನಾಂಕ, ಚೀಲದ ಬ್ಯಾಚ್ ಸಂಖ್ಯೆ ಬರೆದಿಡಿ. ಮೇಲ್ವಿಚಾರಕರು ಬಂದಾಗ ಬಾಯಿಮಾತಿನ ಬದಲು ಆ ಬರಹ ತೋರಿಸಿ.

ದರದ ಲೆಕ್ಕ ಹೀಗೆ ಮಾಡಿ

ಎಫ್‌ಸಿಆರ್ ಎಂದರೆ ಒಂದು ಕಿಲೋ ತೂಕ ಬರಲು ಕೋಳಿಗೆ ಎಷ್ಟು ಕಿಲೋ ಆಹಾರ ಬೇಕಾಯಿತು ಎಂಬ ಲೆಕ್ಕ. ಒಟ್ಟು ಖರ್ಚಾದ ಆಹಾರವನ್ನು ಮಾರಿದ ಕೋಳಿಗಳ ಒಟ್ಟು ತೂಕದಿಂದ ಭಾಗಿಸಿದರೆ ಸಾಕು. ಈ ಸಂಖ್ಯೆ ಕಡಿಮೆಯಾದಷ್ಟೂ ಒಳ್ಳೆಯದು.

ಒಂದು ಉದಾಹರಣೆ ನೋಡೋಣ. ಇಲ್ಲಿನ ದರ, ಎಫ್‌ಸಿಆರ್ ಎಲ್ಲವೂ ಲೆಕ್ಕ ತಿಳಿಯಲಿ ಎಂದು ಇಟ್ಟುಕೊಂಡ ಸಂಖ್ಯೆಗಳು. ನಿಮ್ಮ ಊರಿನ ದರ, ನಿಮ್ಮ ಬ್ಯಾಚಿನ ಸಂಖ್ಯೆ ಹಾಕಿ ನೀವೇ ಮಾಡಿ ನೋಡಬೇಕು.

ನೂರು ಕೋಳಿ, ತಲಾ ಎರಡು ಕಿಲೋ, ಒಟ್ಟು 200 ಕಿಲೋ ತೂಕ ಎಂದುಕೊಳ್ಳಿ.

ಹಿಟ್ಟು ಕಿಲೋಗೆ 36 ರೂಪಾಯಿ, ಎಫ್‌ಸಿಆರ್ 1.9 ಆದರೆ: 380 ಕಿಲೋ ಆಹಾರ, ಖರ್ಚು 13,680 ರೂಪಾಯಿ.

ಒಳ್ಳೆಯ ಗುಳಿಗೆ ಕಿಲೋಗೆ 39 ರೂಪಾಯಿ, ಎಫ್‌ಸಿಆರ್ 1.7 ಆದರೆ: 340 ಕಿಲೋ ಆಹಾರ, ಖರ್ಚು 13,260 ರೂಪಾಯಿ. ದರ ಮೂರು ರೂಪಾಯಿ ಹೆಚ್ಚಿದ್ದರೂ ಒಟ್ಟಿನಲ್ಲಿ 420 ರೂಪಾಯಿ ಉಳಿಯಿತು.

ಪುಡಿ ತುಂಬಿದ ಗುಳಿಗೆ, ದರ ಅದೇ 39 ರೂಪಾಯಿ, ಎಫ್‌ಸಿಆರ್ 1.82 ಆದರೆ: 364 ಕಿಲೋ ಆಹಾರ, ಖರ್ಚು 14,196 ರೂಪಾಯಿ. ಹಿಟ್ಟಿಗಿಂತಲೂ 516 ರೂಪಾಯಿ ಹೆಚ್ಚು.

ಮೂರು ಸಾಲುಗಳನ್ನು ಒಟ್ಟಿಗೆ ಇಟ್ಟು ನೋಡಿ. ಗುಳಿಗೆ ಲಾಭದಾಯಕ, ಆದರೆ ಅದು ಗುಳಿಗೆಯಾಗಿ ಉಳಿದರೆ ಮಾತ್ರ.

ಗುಳಿಗೆಗೆ ಗರಿಷ್ಠ ಎಷ್ಟು ದರ ಕೊಡಬಹುದು ಎಂದು ತಿಳಿಯಲು ಒಂದು ಸುಲಭ ಸೂತ್ರವಿದೆ. ಹಿಟ್ಟಿನ ದರವನ್ನು ಹಿಟ್ಟಿನ ಎಫ್‌ಸಿಆರ್‌ನಿಂದ ಗುಣಿಸಿ, ಗುಳಿಗೆಯ ಎಫ್‌ಸಿಆರ್‌ನಿಂದ ಭಾಗಿಸಿ. ಮೇಲಿನ ಉದಾಹರಣೆಯಲ್ಲಿ 36 ಗುಣಿಸು 1.9, ಭಾಗಿಸು 1.7. ಬರುವುದು ಸುಮಾರು 40 ರೂಪಾಯಿ 20 ಪೈಸೆ. ಅದಕ್ಕಿಂತ ಹೆಚ್ಚು ದರ ಹೇಳಿದರೆ ಆಹಾರದ ಖರ್ಚಿನಲ್ಲಿ ಉಳಿತಾಯವಿಲ್ಲ. ಬ್ಯಾಚ್ ಎರಡು ಮೂರು ದಿನ ಮೊದಲೇ ಮಾರಾಟಕ್ಕೆ ಬರುವುದರ ಅನುಕೂಲ ಬೇರೆ ಇದೆ. ಅದನ್ನು ನಿಮ್ಮ ಕೂಲಿ, ಕರೆಂಟು, ಶೆಡ್ಡಿನ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಯಾವ ವಯಸ್ಸಿಗೆ ಯಾವ ರೂಪ?

ಮೊದಲ ಹತ್ತು ದಿನ: ನುಚ್ಚು. ಅದು ರವೆಯಂತೆ ಬಿಡಿಬಿಡಿಯಾಗಿರಬೇಕು. ಪುಡಿ ಹೆಚ್ಚಿದ್ದರೆ ಮರಿಯ ಕೊಕ್ಕಿಗೆ ಮೆತ್ತುತ್ತದೆ. ಮೊದಲ ಎರಡು ಮೂರು ದಿನ ಹೊಟ್ಟಿನ ಮೇಲೆ ಕಾಗದ ಹಾಸಿ, ಅದರ ಮೇಲೆ ಸ್ವಲ್ಪ ಸ್ವಲ್ಪವೇ ಹಲವು ಬಾರಿ ಉದುರಿಸಿ. ರಾತ್ರಿ ಹತ್ತಾರು ಮರಿಗಳ ಕೊರಳ ಚೀಲವನ್ನು ಬೆರಳಿನಿಂದ ಮುಟ್ಟಿ ನೋಡಿ. ತುಂಬಿ ಮೆತ್ತಗಿದ್ದರೆ ತಿಂದು ನೀರು ಕುಡಿದಿದೆ. ಗಟ್ಟಿಯಿದ್ದರೆ ತಿಂದಿದೆ, ನೀರು ಸಿಕ್ಕಿಲ್ಲ. ಖಾಲಿಯಿದ್ದರೆ ಮರಿಗೆ ಆಹಾರವೇ ಸಿಕ್ಕಿಲ್ಲ.

ಹತ್ತು ದಿನದ ನಂತರ: ಒಮ್ಮೆಲೇ ಬದಲಿಸದೆ, ಎರಡು ಮೂರು ದಿನ ನುಚ್ಚಿಗೆ ಸಣ್ಣ ಗುಳಿಗೆ ಬೆರೆಸಿ ಕೊಡಿ. ಆಮೇಲೆ ಸಣ್ಣ ಗುಳಿಗೆ ಮಾತ್ರ.

ಮೂರು ವಾರದ ನಂತರ ಮಾರುವವರೆಗೆ: 3ರಿಂದ 4 ಮಿಲಿಮೀಟರ್ ಗುಳಿಗೆ.

ರೂಪದ ಜೊತೆ ಸತ್ವವೂ ವಯಸ್ಸಿಗೆ ತಕ್ಕಂತಿರಬೇಕು. ಭಾರತೀಯ ಮಾನಕ ಬ್ಯೂರೋದ 2007ರ ಐಎಸ್ 1374 ಮಾನಕದಂತೆ ಬ್ರಾಯ್ಲರ್ ಪ್ರೀ ಸ್ಟಾರ್ಟರ್‌ನಲ್ಲಿ ಕನಿಷ್ಠ ಶೇ. 23, ಸ್ಟಾರ್ಟರ್‌ನಲ್ಲಿ ಶೇ. 22, ಫಿನಿಶರ್‌ನಲ್ಲಿ ಶೇ. 20 ಪ್ರೋಟೀನ್ ಇರಬೇಕು. ಚೀಲದ ಚೀಟಿಯಲ್ಲಿ ಇದನ್ನು ಓದಿ ನೋಡಿ. ರೂಪ ಚೆನ್ನಾಗಿದ್ದು ಸತ್ವ ಇಲ್ಲದಿದ್ದರೆ ಪ್ರಯೋಜನವಿಲ್ಲ.

ಗುಳಿಗೆ ತಿನ್ನುವ ಕೋಳಿಗೆ ನೀರು ತಪ್ಪಬಾರದು. ಸಾಧಾರಣ ಹವೆಯಲ್ಲಿ ಕೋಳಿ ತಿಂದ ಆಹಾರದ ಸುಮಾರು ಎರಡು ಪಟ್ಟು ನೀರು ಕುಡಿಯುತ್ತದೆ. ಬೇಸಿಗೆಯಲ್ಲಿ ಇನ್ನೂ ಹೆಚ್ಚು.

ಬೇಗ ಬೆಳೆದರೆ ಬರುವ ತೊಂದರೆ

ಬೆಳವಣಿಗೆ ಅತಿಯಾದರೆ ಅದಕ್ಕೂ ಬೆಲೆ ತೆರಬೇಕಾಗುತ್ತದೆ. ಮೈ ಬೇಗ ತುಂಬುವಾಗ ಹೃದಯ, ಶ್ವಾಸಕೋಶ, ಕಾಲಿನ ಮೂಳೆ ಅಷ್ಟೇ ವೇಗದಲ್ಲಿ ಬಲಿಯುವುದಿಲ್ಲ. ಹೊಟ್ಟೆಯಲ್ಲಿ ನೀರು ತುಂಬುವುದು, ಚೆನ್ನಾಗಿದ್ದ ದಪ್ಪ ಕೋಳಿ ಇದ್ದಕ್ಕಿದ್ದಂತೆ ಅಂಗಾತ ಬಿದ್ದು ಸಾಯುವುದು, ಕಾಲು ಸೋಲುವುದು, ಇವೆಲ್ಲ ಬೇಗ ಬೆಳೆಯುವ ಬ್ಯಾಚಿನಲ್ಲೇ ಹೆಚ್ಚು. ಚಳಿಗಾಲದಲ್ಲಿ, ಪರದೆ ಮುಚ್ಚಿ ಗಾಳಿಯಾಡದ ಶೆಡ್ಡಿನಲ್ಲಿ ಹೊಟ್ಟೆ ನೀರಿನ ತೊಂದರೆ ಇನ್ನೂ ಏರುತ್ತದೆ. ಇಂಥ ಸಾವು ಹೆಚ್ಚಾದಾಗ ಕೆಲವು ದಿನ ಹಿಟ್ಟಿನ ರೂಪ ಕೊಟ್ಟು ಬೆಳವಣಿಗೆಯ ವೇಗ ತಗ್ಗಿಸುವುದೂ ಒಂದು ಕ್ರಮ. ಅದನ್ನು ಪಶುವೈದ್ಯರ ಸಲಹೆ ಪಡೆದೇ ಮಾಡಿ. ಸಾವಿಗೆ ಬೇರೆ ರೋಗ ಕಾರಣವಾಗಿದ್ದರೆ ಆಹಾರ ಬದಲಿಸಿ ಫಲವಿಲ್ಲ.

ಇನ್ನೊಂದು ವಿಷಯ ಗಿಜರ್ಡ್‌ನದು. ಕೋಳಿ ಸ್ವಚ್ಛ ಮಾಡುವಾಗ ಒಳಗೆ ಹಳದಿ ಪೊರೆಯಿರುವ ಗಟ್ಟಿ ಮಾಂಸದ ಚೀಲವೊಂದು ಸಿಗುತ್ತದಲ್ಲ, ಅದೇ. ಹಲ್ಲಿಲ್ಲದ ಕೋಳಿಗೆ ಅದು ಬೀಸುಕಲ್ಲು. ನಾಟಿ ಕೋಳಿಯಲ್ಲಿ ಅದು ದೊಡ್ಡದಾಗಿ, ಗಟ್ಟಿಯಾಗಿ ಇರುತ್ತದೆ, ಏಕೆಂದರೆ ಅದು ಕಾಳು, ಹುಳು, ಸೊಪ್ಪು ಎಲ್ಲವನ್ನೂ ಅರೆಯಬೇಕು. ತೀರಾ ನುಣ್ಣಗೆ ಬೀಸಿದ ಹಿಟ್ಟಿನಿಂದ ಮಾಡಿದ ಗುಳಿಗೆ ಹೊಟ್ಟೆಗೆ ಹೋದೊಡನೆ ಕರಗುತ್ತದೆ. ಅರೆಯುವ ಕೆಲಸವೇ ಇಲ್ಲದೆ ಗಿಜರ್ಡ್ ಸಣ್ಣಗಾಗುತ್ತದೆ, ಆಹಾರ ಬೇಗ ಮುಂದೆ ಸಾಗಿ ಜೀರ್ಣಕ್ರಿಯೆ ಕುಂದುತ್ತದೆ. ಆದ್ದರಿಂದ ಒಳ್ಳೆಯ ಗುಳಿಗೆಯನ್ನು ನೀರಿನಲ್ಲಿ ನೆನೆಸಿ ಕರಗಿಸಿದರೆ ಜೋಳದ ಸ್ವಲ್ಪ ದಪ್ಪ ಚೂರುಗಳು ಕೈಗೆ ಸಿಗಬೇಕು. ಮನೆಯಲ್ಲಿ ಹಿಟ್ಟು ತಯಾರಿಸುವವರೂ ಜೋಳವನ್ನು ರೊಟ್ಟಿ ಹಿಟ್ಟಿನಂತೆ ಬೀಸಿಸಬೇಡಿ, ತರಿತರಿಯಾಗಿ ಒಡೆಸಿ.

ಬೇಸಿಗೆಯಲ್ಲಿ ಇನ್ನೊಂದು ಎಚ್ಚರ. ಆಹಾರ ಜೀರ್ಣವಾಗುವಾಗ ಮೈಯಲ್ಲಿ ಶಾಖ ಹುಟ್ಟುತ್ತದೆ. ಸುಡುವ ಮಧ್ಯಾಹ್ನ ಹೊಟ್ಟೆ ತುಂಬಿದ ದಪ್ಪ ಕೋಳಿಯೇ ಮೊದಲು ಸಾಯುವುದು. ಬಿಸಿಲು ಏರುವ ಮೊದಲೇ ಫೀಡರ್ ಮೇಲೆತ್ತಿ, ಸಂಜೆ ತಂಪಾದ ಮೇಲೆ ಇಳಿಸಿ. ಗುಳಿಗೆಯಾದರೆ ಆ ಸ್ವಲ್ಪ ಹೊತ್ತಿನಲ್ಲೇ ಕೋಳಿ ಬೇಕಾದಷ್ಟು ತಿಂದುಕೊಳ್ಳುತ್ತದೆ.

ಗಿರಿರಾಜ, ಸ್ವರ್ಣಧಾರಾ ಸಾಕುವವರಿಗೆ

ಹಿತ್ತಲಲ್ಲಿ ಹತ್ತಿಪ್ಪತ್ತು ಕೋಳಿ ಬಿಟ್ಟುಕೊಂಡವರು ಗುಳಿಗೆಗೆ ಆಸೆಪಡಬೇಕಾಗಿಲ್ಲ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರಾ ತಳಿಗಳು ಓಡಾಡಿ ಮೇಯುವುದಕ್ಕೇ ಹೊಂದಿಕೊಂಡವು. ಬೆಳವಣಿಗೆ ಬ್ರಾಯ್ಲರ್‌ಗಿಂತ ನಿಧಾನ. ನಲವತ್ತು ದಿನದಲ್ಲಿ ಮಾರುವ ಅವಸರವೂ ಇಲ್ಲ. ಇವುಗಳಿಗೆ ಎಳೆ ಮರಿಯಾಗಿದ್ದಾಗ ಕೆಲವು ವಾರ ಒಳ್ಳೆಯ ಮರಿ ಆಹಾರ ಕೊಟ್ಟು ಬೆಳೆಸಿ. ಆಮೇಲೆ ಮನೆಯ ನುಚ್ಚು, ರಾಗಿ, ಒಡೆದ ಜೋಳ, ಸೊಪ್ಪು, ಹಿತ್ತಲಿನ ಹುಳು ಹುಪ್ಪಟೆ ಸಾಕು. ಮೊಟ್ಟೆ ಇಡುವ ಕೋಳಿಗೆ ಸುಣ್ಣದ ಅಂಶಕ್ಕೆ ಕಪ್ಪೆಚಿಪ್ಪಿನ ಚೂರು ಬೇರೆ ಬಟ್ಟಲಲ್ಲಿ ಇಡಿ. ದುಬಾರಿ ಗುಳಿಗೆ ಹಾಕಿದರೆ ಹಿತ್ತಲ ಕೋಳಿಯ ಲಾಭವೇ ಹೋಗುತ್ತದೆ.

ಹಿಟ್ಟನ್ನು ನೀರಿನಲ್ಲಿ ಕಲಸಿ ಕೊಡುವ ರೂಢಿ ಕೆಲವು ಮನೆಗಳಲ್ಲಿದೆ. ಕೋಳಿ ಅದನ್ನು ಇಷ್ಟಪಟ್ಟು ತಿನ್ನುತ್ತದೆ, ಪುಡಿ ಹಾರುವುದೂ ಇಲ್ಲ. ಆದರೆ ಒಂದು ಹೊತ್ತಿಗೆ ತಿಂದು ಮುಗಿಸುವಷ್ಟೇ ಕಲಸಿ. ಉಳಿದದ್ದು ಕೆಲವೇ ಗಂಟೆಗಳಲ್ಲಿ ಹುಳಿಯಾಗಿ ಬೂಷ್ಟು ಹಿಡಿಯುತ್ತದೆ.

ಕೊಟ್ಟಿಗೆಗೂ ಶೆಡ್ಡಿಗೂ ನಡುವೆ ಗೆರೆ ಇರಲಿ

ಹಾಲು ಹಾಕುವ ಪ್ರತಿ ಮನೆಯೂ ತಿಳಿದಿರಬೇಕಾದ ಮಾತು ಇದು. ಪಶು ಆಹಾರವೂ ಗುಳಿಗೆ, ಕೋಳಿ ಆಹಾರವೂ ಗುಳಿಗೆ. ನೋಡಲು ಒಂದೇ ಥರ ಕಂಡರೂ ಅದಲು ಬದಲು ಮಾಡಬಾರದು.

ಪಶು ಆಹಾರ ಕೋಳಿಗೆ ಬೇಡ. ಅದರಲ್ಲಿ ನಾರು ಹೆಚ್ಚು. ಕೆಲವು ಬಗೆಯ ಪಶು ಆಹಾರದಲ್ಲಿ ಯೂರಿಯಾ ಸೇರಿರುತ್ತದೆ. ಹಸುವಿನ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಯೂರಿಯಾವನ್ನು ಪ್ರೋಟೀನ್ ಮಾಡಿಕೊಳ್ಳುತ್ತವೆ. ಕೋಳಿಗೆ ಆ ಅನುಕೂಲ ಇಲ್ಲ.

ಕೋಳಿ ಆಹಾರ ಹಸುವಿಗೆ ಬೇಡವೇ ಬೇಡ. ಬ್ಯಾಚ್ ಮುಗಿದು ಅರ್ಧ ಚೀಲ ಉಳಿದಾಗ ‘ಹಸುವಿಗಾದರೂ ಹಾಕೋಣ’ ಎನಿಸುವುದು ಸಹಜ. ಹಾಕಬೇಡಿ. ಬ್ರಾಯ್ಲರ್ ಆಹಾರದಲ್ಲಿ ರಕ್ತಭೇದಿ ತಡೆಯಲು ಮೊನೆನ್ಸಿನ್, ಸಲಿನೋಮೈಸಿನ್‌ನಂಥ ಔಷಧ ಸೇರಿಸಿರಬಹುದು. ಹಸು ಒಮ್ಮೆಗೇ ಹೆಚ್ಚು ತಿಂದರೆ ಅದಕ್ಕೆ ಅಪಾಯ. ಕೋಳಿ ಆಹಾರದಲ್ಲಿ ಮಾಂಸ, ಮೂಳೆಯ ಪುಡಿ ಇದ್ದಿರಬಹುದು. ಹಾಲು ಕೊಡುವ ದನಗಳಿಗೆ ಅಂಥ ಆಹಾರ ತಿನ್ನಿಸುವುದನ್ನು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ನಿಷೇಧಿಸಿದೆ.

ಬೂಷ್ಟು ಹಿಡಿದ ಕೋಳಿ ಆಹಾರದ ವಿಷಯ ಇನ್ನೂ ಗಂಭೀರ. ಅದರಲ್ಲಿರುವ ಅಫ್ಲಾಟಾಕ್ಸಿನ್ ಹಸುವಿನ ಹೊಟ್ಟೆಗೆ ಹೋದರೆ, ರೂಪ ಬದಲಿಸಿ ಅಫ್ಲಾಟಾಕ್ಸಿನ್ ಎಂ1 ಆಗಿ ಹಾಲಿಗೆ ಇಳಿಯುತ್ತದೆ. ಕಾಯಿಸಿದರೂ ಹೋಗುವುದಿಲ್ಲ. ಹಾಲಿನಲ್ಲಿ ಇದರ ಮಿತಿ ಕಿಲೋಗೆ 0.5 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಭಾಗದಲ್ಲೂ ಅರ್ಧ ಮಾತ್ರ. ಒಂದು ಮನೆಯ ಹಾಲು ಬಿಎಂಸಿ ಟ್ಯಾಂಕಿನಲ್ಲಿ ಇಡೀ ಊರಿನ ಹಾಲಿನೊಂದಿಗೆ ಬೆರೆಯುತ್ತದೆ. ಅರ್ಧ ಚೀಲ ಆಹಾರ ಉಳಿಸಲು ಹೋಗಿ ಸಂಘದ ಹೆಸರು ಕೆಡಿಸಿಕೊಳ್ಳುವುದು ಬೇಡ. ಬೂಷ್ಟು ಹಿಡಿದದ್ದನ್ನು ಕೋಳಿಗೂ ಹಾಕಬೇಡಿ, ಹಸುವಿಗೂ ಹಾಕಬೇಡಿ. ದೂರದಲ್ಲಿ ಗುಂಡಿ ತೆಗೆದು ಮುಚ್ಚಿ.

ಎರಡೂ ಆಹಾರದ ಚೀಲಗಳನ್ನು ಬೇರೆ ಬೇರೆ ಕಡೆ ಇಡಿ. ಅಳೆಯುವ ಡಬ್ಬವೂ ಬೇರೆ ಇರಲಿ. ನೆಲಕ್ಕೆ ಹಲಗೆ ಹಾಕಿ, ಗೋಡೆಯಿಂದ ಒಂದು ಅಡಿ ಬಿಟ್ಟು ಜೋಡಿಸಿ. ಮಳೆಗಾಲದಲ್ಲಿ ಎರಡು ಮೂರು ವಾರಕ್ಕೆ ಬೇಕಾದಷ್ಟು ಮಾತ್ರ ತನ್ನಿ. ಮೊದಲು ತಂದದ್ದನ್ನು ಮೊದಲು ಖಾಲಿ ಮಾಡಿ.

ನೆನಪಿಡಬೇಕಾದವು

• ಪದಾರ್ಥ ಒಂದೇ ಆದರೂ ಗುಳಿಗೆ ತಿಂದ ಬ್ರಾಯ್ಲರ್ ಹೆಚ್ಚು ತಿಂದು, ಕಡಿಮೆ ದಣಿದು, ಬೇಗ ಬೆಳೆಯುತ್ತದೆ.
• ಈ ಲಾಭ ಗಟ್ಟಿ ಗುಳಿಗೆಯದು. ಪುಡಿಯಾದರೆ ಲಾಭ ಹೋಯಿತು. ಪ್ರತಿ ಲೋಡಿಗೂ ಜರಡಿ ಪರೀಕ್ಷೆ ಮಾಡಿ.
• ಎಳೆ ಮರಿಗೆ ನುಚ್ಚು, ಆಮೇಲೆ ಸಣ್ಣ ಗುಳಿಗೆ, ಮೂರು ವಾರದ ನಂತರ 3ರಿಂದ 4 ಮಿಲಿಮೀಟರ್ ಗುಳಿಗೆ.
• ಚೀಲದ ದರವನ್ನಷ್ಟೇ ನೋಡಬೇಡಿ. ಒಂದು ಕಿಲೋ ಕೋಳಿಗೆ ಆಹಾರದ ಖರ್ಚು ಎಷ್ಟಾಯಿತು ಎಂದು ನೋಡಿ.
• ಹಿತ್ತಲ ಕೋಳಿಗೆ, ನಿಧಾನ ತಳಿಗೆ ಹಿಟ್ಟು ಮತ್ತು ಮೇಯುವಿಕೆ ಸಾಕು.
• ಕೋಳಿ ಆಹಾರ ಹಸುವಿನ ಬಾನಿಗೆ ಬೀಳಬಾರದು, ಪಶು ಆಹಾರ ಕೋಳಿಯ ಫೀಡರ್‌ಗೆ ಬೀಳಬಾರದು.

ಹಾಲಿನ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ ಬರೆದಿಡುವ ಪುಸ್ತಕದ ಹಿಂದಿನ ಹಾಳೆಯಲ್ಲಿ ಕೋಳಿಯ ಲೆಕ್ಕಕ್ಕೂ ಒಂದು ಜಾಗ ಮಾಡಿ. ಮರಿ ಬಂದ ದಿನ, ಆಹಾರದ ರೂಪ, ಚೀಲಗಳ ಸಂಖ್ಯೆ, ಜರಡಿಯಲ್ಲಿ ಸಿಕ್ಕ ಪುಡಿ, ಸತ್ತ ಕೋಳಿ, ಮಾರಿದ ತೂಕ. ಎರಡು ಬ್ಯಾಚಿನ ಲೆಕ್ಕ ಅಕ್ಕಪಕ್ಕ ಇಟ್ಟರೆ, ನಿಮ್ಮ ಶೆಡ್ಡಿಗೆ ಹಿಟ್ಟು ಒಳ್ಳೆಯದೋ ಗುಳಿಗೆ ಒಳ್ಳೆಯದೋ ಎಂಬುದನ್ನು ಆ ಪುಸ್ತಕವೇ ಹೇಳುತ್ತದೆ. ಸಂಶಯ ಬಂದರೆ ಹತ್ತಿರದ ಪಶು ಆಸ್ಪತ್ರೆಯ ವೈದ್ಯರನ್ನೋ ಒಕ್ಕೂಟದ ವಿಸ್ತರಣಾಧಿಕಾರಿಯನ್ನೋ ಕೇಳಿ, ಹೋಗುವಾಗ ಆ ಪುಸ್ತಕವನ್ನೂ ಜೊತೆಗೆ ಒಯ್ಯಿರಿ.